ರಸಮಟ್ಟದ ಗುಳ್ಳೆ ನಡುವಿಗೆ ಬರುವವರೆಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹ್ಯಾಡ್ಲಿ ಲ್ಯಾಂಡಿಂಗ್‌ನ ನದಿಬೀದಿಯಲ್ಲಿ ಮರಳು ಚೀಲಗಳ ಸಾಲು ನಿನ್ನೆಗಿಂತ ಒಂದು ವರಸೆ ಎತ್ತರವಾಗಿದೆ. ಬೀದಿಯ ಕೊನೆಯಲ್ಲಿರುವ ಬೆನ್ನುಮೂಳೆ ಚಿಕಿತ್ಸಾಲಯದೊಳಗೆ ಅರವತ್ತು ದಾಟಿದ ಹೆಂಗಸೊಬ್ಬರು, ಹಾಕಿಕೊಂಡು ಬಂದ ಕೋಟನ್ನೂ ಬಿಚ್ಚದೆ, ಮಂಡಿಯೂರಿ ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿದ್ದಾರೆ. ಅವರ ಕಣ್ಣು ನೆಟ್ಟಿರುವುದು ರಸಮಟ್ಟದ ಮೇಲೆ. ಗಾರೆ ಕೆಲಸದವರು ಗೋಡೆ ಕಟ್ಟುವಾಗ ಇಟ್ಟು ನೋಡುತ್ತಾರಲ್ಲ, ಅದೇ ರಸಮಟ್ಟ. ಕೊಳವೆಯೊಳಗಿನ ಗುಳ್ಳೆ ಅತ್ತ ಓಡಿ, ಇತ್ತ ಓಡಿ, ಕೊನೆಗೆ ಎರಡು ಗೆರೆಗಳ ನಡುವೆ ನಿಲ್ಲುತ್ತದೆ. ಆಗ ಆರ್ಡಿಸ್ ಕ್ರೋಗರ್ ಹಿಡಿದ ಉಸಿರು ಬಿಡುತ್ತಾರೆ.

“ನೋಡಿದವರು ಪ್ರಾರ್ಥನೆ ಮಾಡ್ತಿದಾಳೆ ಅನ್ಕೋತಾರೆ. ಅನ್ಕೊಳ್ಳಲಿ ಬಿಡಿ, ಹೆಚ್ಚುಕಮ್ಮಿ ಅದೇ ಇದು,” ಎನ್ನುತ್ತಾ ಗೋಡೆ ಹಿಡಿದು ಏಳುತ್ತಾರೆ.

ಆರ್ಡಿಸ್ ಇಲ್ಲಿ ಎಕ್ಸ್‌ರೇ ತೆಗೆಯುವವರು. ಕೈಯಿಂದ ಒತ್ತಿ ಬೆನ್ನುಮೂಳೆ ಸರಿಪಡಿಸುವ ಕೈರೊಪ್ರಾಕ್ಟರ್‌ಗಳಿಗೆ ಐಯೋವಾದ ಈ ನದಿದಂಡೆ ತವರುಮನೆ. ಇಲ್ಲಿ ಊರಿಗೊಬ್ಬ ಪಾದ್ರಿ ಇಲ್ಲದಿದ್ದರೂ ಕೈರೊಪ್ರಾಕ್ಟರ್ ಇದ್ದೇ ಇರುತ್ತಾನೆ ಎಂದು ಜನ ಆಡಿಕೊಳ್ಳುವುದುಂಟು. ಬೆನ್ನು ಒತ್ತುವ ಡಾಕ್ಟರ ಹೆಸರು ಬೋರ್ಡಿನ ಮೇಲೆ, ಊರವರ ಬಾಯಲ್ಲಿ. ಆ ಬೆನ್ನನ್ನು ಬರಿಗಾಲಲ್ಲಿ ನಿಲ್ಲಿಸಿ ಕತ್ತಿನಿಂದ ಸೊಂಟದವರೆಗೆ ಒಂದೇ ಉದ್ದನೆಯ ಚಿತ್ರದಲ್ಲಿ ಹಿಡಿದುಕೊಟ್ಟವರ ಹೆಸರು ಯಾರಿಗೂ ಬೇಡ.

ಮೊದಲು ಅವರಿದ್ದದ್ದು ಫೋಟೊ ಸ್ಟುಡಿಯೊದಲ್ಲಿ. ಶಾಲೆ ಮಕ್ಕಳನ್ನು ಸಾಲಾಗಿ ಕೂರಿಸಿ ನಗಿಸಿ ಚಿತ್ರ ತೆಗೆಯುವ ಕೆಲಸ. ಎಲ್ಲರ ಕೈಗೂ ಕ್ಯಾಮೆರಾ ಬಂದಮೇಲೆ ಸ್ಟುಡಿಯೊ ಬಾಗಿಲು ಹಾಕಿತು. ಇವರು ಸಂಜೆ ತರಗತಿಗೆ ಹೋಗಿ, ಪರೀಕ್ಷೆ ಕಟ್ಟಿ, ಎಕ್ಸ್‌ರೇ ತೆಗೆಯಲು ಅನುಮತಿ ಪಡೆದು ಈ ಚಿಕಿತ್ಸಾಲಯದ ಡಾಕ್ಟರ್ ಸ್ಟೋಲ್ ಅವರಲ್ಲಿ ಸೇರಿದರು. ಆ ಕಾಲದಲ್ಲಿ ಬಾಗಿಲು ದಾಟಿ ಬಂದವರಿಗೆಲ್ಲ ಮೊದಲು ಎಕ್ಸ್‌ರೇ, ಆಮೇಲೆ ಮಾತು. ದಿನಕ್ಕೆ ಹತ್ತು ಹನ್ನೆರಡು ಬೆನ್ನು. ಸ್ಟುಡಿಯೊದಲ್ಲಿ ನಗಿ ಅನ್ನುತ್ತಿದ್ದವರು ಇಲ್ಲಿ ಉಸಿರು ಹಿಡಿ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ ಎಂದು ಗಂಡ ಲೈಲ್ ಈಗಲೂ ಛೇಡಿಸುತ್ತಾನೆ.

ಅವರ ನಿದ್ದೆ ಕೆಟ್ಟದ್ದು ಹಿಂದಿನ ದೊಡ್ಡ ಪ್ರವಾಹದ ನಂತರ. ಮಿಸಿಸಿಪ್ಪಿ ನದಿ ನೆಲಮಾಳಿಗೆಗೆ ನುಗ್ಗಿ, ವಾರಗಟ್ಟಲೆ ಕೂತು, ಬಂದ ದಾರಿಯಲ್ಲೇ ಇಳಿದು ಹೋಯಿತು. ಗೋಡೆಗೆ ಹೊಸ ಬಣ್ಣ ಬಿತ್ತು, ಯಂತ್ರ ಮತ್ತೆ ಓಡಿತು. ಆ ಚಳಿಗಾಲದಲ್ಲಿ ಎಕ್ಸ್‌ರೇಗೆ ನಿಂತ ಬಹುಪಾಲು ಜನರ ಸೊಂಟ ಎಡಕ್ಕೆ ವಾಲಿತ್ತು. ಡಾಕ್ಟರ್ ಅದನ್ನು ನೋಡಿ, ಎಡಗಾಲು ಗಿಡ್ಡವೆಂದು ಬಗೆದು, ಎಡ ಬೂಟಿನ ಹಿಮ್ಮಡಿಗೆ ಒಂದು ಅಟ್ಟೆ ಹಾಕಿಸಿಕೊಳ್ಳಲು ಹೇಳುತ್ತಾ ಹೋದರು. ದಿನವೂ ಅಷ್ಟು ಜನ ಬಂದರೆ ಒಬ್ಬರ ಚಿತ್ರವನ್ನು ಇನ್ನೊಬ್ಬರದರ ಪಕ್ಕ ಇಟ್ಟು ನೋಡುವವರು ಯಾರು?

ನೋಡಿದವನು ಊರಿನ ಬೂಟು ರಿಪೇರಿಯ ಆರಿನ್. ಈಸ್ಟರ್‌ಗೆ ಮುಂಚಿನ ಒಂದು ಶುಕ್ರವಾರ ಚರ್ಚಿನ ಮೀನೂಟದಲ್ಲಿ ತಟ್ಟೆ ಹಿಡಿದು ನಿಂತವನು ಆರ್ಡಿಸ್‌ರನ್ನು ಕಂಡು ಕೇಳಿದ: “ಏನಮ್ಮ ಆರ್ಡಿಸ್, ನಮ್ಮೂರಲ್ಲಿ ಎಲ್ಲರದ್ದೂ ಎಡಗಾಲೇ ಗಿಡ್ಡ ಆಗಿದ್ಯಲ್ಲ? ಒಬ್ಬನಿಗಾದ್ರೂ ಬಲಗಾಲು ಗಿಡ್ಡ ಆಗ್ಬಾರ್ದಾ?”

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಆರ್ಡಿಸ್ ಕೂಡ ನಕ್ಕರು, ಆದರೆ ಮೀನು ಮುಗಿಸಲಿಲ್ಲ. ತಟ್ಟೆ ಅಲ್ಲೇ ಬಿಟ್ಟು ಮನೆಗೆ ಹೋಗಿ, ಬಡಗಿಯಾಗಿದ್ದ ಲೈಲನ ಪೆಟ್ಟಿಗೆಯಿಂದ ರಸಮಟ್ಟ ತೆಗೆದುಕೊಂಡು ಚಿಕಿತ್ಸಾಲಯಕ್ಕೆ ಬಂದರು. ರೋಗಿಗಳು ನಿಲ್ಲುವ ಹಲಗೆಯ ಮೇಲಿಟ್ಟರೆ ಗುಳ್ಳೆ ಬಲಗಡೆಗೆ ಓಡಿ ಅಂಟಿಕೊಂಡಿತು. ನೀರು ಕೂತು ಹೋದ ಜಾಗದಲ್ಲಿ ನೆಲವೇ ಎಡಕ್ಕೆ ಕುಸಿದಿತ್ತು. ಜನರ ಕಾಲು ನೆಟ್ಟಗೇ ಇತ್ತು.

ಮಾರನೆಯ ದಿನ ಆ ಗುಳ್ಳೆ ನೋಡಿ ಡಾಕ್ಟರ ಮುಖ ಸುಣ್ಣದಂತಾಯಿತು. ಆದರೂ ಅವರು ಮುಚ್ಚಿಡಲಿಲ್ಲ. ನೆಲವನ್ನು ಮಟ್ಟ ಮಾಡಿಸಿ, ಒಬ್ಬೊಬ್ಬರಿಗೂ ತಾವೇ ಫೋನು ಮಾಡಿ ಕ್ಷಮೆ ಕೇಳಿದರು. ಕೆಲವರು ಬೈದು ಬೇರೆ ಕಡೆ ಹೋದರು. ಶಾಲೆ ಬಸ್ಸು ಓಡಿಸುವ ಗಸ್ ಮಾತ್ರ ಅಟ್ಟೆ ಹಾಕಿದಮೇಲೆ ತಾನು ಹೆಂಡತಿಗಿಂತ ಎತ್ತರ ಕಾಣುತ್ತೇನೆಂದು ಹೇಳಿ ಅದನ್ನು ತೆಗೆಯಲು ಒಪ್ಪಲಿಲ್ಲ. ಇಡೀ ಊರು ಇದನ್ನು ನಗೆಯ ಕತೆ ಮಾಡಿಕೊಂಡಿದೆ. ಆರ್ಡಿಸ್‌ಗೆ ಇಂದಿಗೂ ನಗು ಬರುವುದಿಲ್ಲ.

“ಅಟ್ಟೆ ಕಿತ್ತು ಬಿಸಾಕಬಹುದು. ಮೈಯೊಳಗೆ ಹೋದ ಕಿರಣಾನ ವಾಪಸ್ ತಗೊಳ್ಳೋಕಾಗುತ್ತಾ? ಸ್ವಲ್ಪಾನೇ ಇರಬಹುದು, ಏನೂ ಆಗದೇನೂ ಇರಬಹುದು. ಆದ್ರೆ ಗುಂಡಿ ಒತ್ತಿದ್ದು ಈ ಬೆರಳು.”

ಆ ವರ್ಷದಿಂದ ಇಲ್ಲಿ ಬಂದವರಿಗೆಲ್ಲ ಎಕ್ಸ್‌ರೇ ಇಲ್ಲ. ಬರಿಯ ಬೆನ್ನುನೋವಿಗೆ ಚಿತ್ರ ಬೇಕೇ ಬೇಡವೇ ಎಂಬುದು ಈ ವೃತ್ತಿಯವರು ಈಗಲೂ ತಮ್ಮತಮ್ಮಲ್ಲೇ ಕಿತ್ತಾಡುವ ವಿಷಯ. ಡಾಕ್ಟರ್ ಸ್ಟೋಲ್ ಅಂತೂ ಬೇಡವೆನ್ನುವವರ ಕಡೆ ವಾಲಿದ್ದಾರೆ. ಬಿದ್ದವರು, ಮೂಳೆ ಮುರಿದಿರುವ ಅನುಮಾನವಿರುವವರು, ಬೆನ್ನು ಡೊಂಕಾಗುತ್ತಿರುವ ಮಕ್ಕಳು, ಇಷ್ಟೇ ಜನ ಯಂತ್ರದ ಮುಂದೆ ನಿಲ್ಲುತ್ತಾರೆ. ಕೆಲವು ವಾರ ಇಬ್ಬರೋ ಮೂವರೋ. ಉಳಿದ ಹೊತ್ತು ಆರ್ಡಿಸ್ ಫೋನು ಎತ್ತುತ್ತಾರೆ, ಟವೆಲ್ ಮಡಚುತ್ತಾರೆ. ಕೆಲಸ ಕಡಿಮೆಯಾದರೂ ಹೆದರಿಕೆ ಕಡಿಮೆಯಾಗಿಲ್ಲ. ಈ ವಾರವಂತೂ ನದಿ ಮತ್ತೆ ಏರುತ್ತಿದೆ, ನೆಲಮಾಳಿಗೆಯ ಪಂಪು ಒಂದೇ ಸಮನೆ ಗುರುಗುಟ್ಟುತ್ತಿದೆ.

ಇವತ್ತಿನ ಮೊದಲ ಚಿತ್ರ ಟೆಸ್ಸಾಳದು. ಹನ್ನೊಂದರ ಹುಡುಗಿ, ಶಾಲೆಯ ಸಾಫ್ಟ್‌ಬಾಲ್ ತಂಡದಲ್ಲಿ ಚೆಂಡು ಎಸೆಯುವವಳು. ಹೋದ ವಾರ ಡಾಕ್ಟರ್ ಅವಳನ್ನು ಮುಂದಕ್ಕೆ ಬಗ್ಗಿಸಿ ನೋಡಿದಾಗ ಬೆನ್ನಿನ ಒಂದು ಮಗ್ಗುಲು ಮೇಲೆದ್ದು ಕಂಡಿದೆ. ಚಿತ್ರದಲ್ಲಿ ಡೊಂಕು ಹೆಚ್ಚಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸಬೇಕು, ಬೆನ್ನಿಗೆ ಗಟ್ಟಿ ಪಟ್ಟಿ ಕಟ್ಟಿಸಬೇಕು. ಆಟದ ಕಾಲ ಶುರುವಾಗುವುದು ಮುಂದಿನ ತಿಂಗಳು.

ತಾಯಿ ಜೋಲೀನ್ ಕಾರ್ಖಾನೆಯ ಪಾಳಿ ಬಿಟ್ಟು ಬಂದಿದ್ದಾಳೆ, ಕೈಯಲ್ಲಿ ಕಾಫಿ ಹಾಗೇ ಆರುತ್ತಿದೆ. ಆರ್ಡಿಸ್ ಹುಡುಗಿಯ ಬೂಟು ಕಾಲುಚೀಲ ಬಿಚ್ಚಿಸಿ, ಯಂತ್ರಕ್ಕೆ ಬೆನ್ನು ಮಾಡಿ ನಿಲ್ಲಿಸುತ್ತಾರೆ. ಹೀಗೆ ನಿಂತರೆ ಬೆಳೆಯುವ ಎದೆಗೆ ಕಿರಣ ಕಡಿಮೆ. ಜಡೆ ಎತ್ತಿ ಕಟ್ಟುತ್ತಾರೆ. ಹಿಮ್ಮಡಿ ಎರಡೂ ಗೆರೆಯ ಮೇಲಿವೆಯೇ ಎಂದು ಬಗ್ಗಿ ನೋಡಿ, ಎದ್ದು, ಮತ್ತೆ ಬಗ್ಗುತ್ತಾರೆ. ಎರಡನೇ ಸಲ ತೆಗೆಯುವಂತಾಗಬಾರದು. ಅದೊಂದೇ ಅವರ ಹಟ.

“ಉಸಿರು ಹಿಡ್ಕೋ ಚಿನ್ನಾ. ಅಲ್ಲಾಡ್ಬೇಡ.” ಒಂದು ಸಣ್ಣ ಸದ್ದು. “ಆಯ್ತು, ಬಿಡು.”

ಚಿತ್ರ ಪರದೆಯ ಮೇಲೆ ಮೂಡುತ್ತದೆ. ಆರ್ಡಿಸ್ ಅದನ್ನು ಒಂದು ಗಳಿಗೆ ನೋಡಿ ಡಾಕ್ಟರಿಗೆ ಕಳಿಸುತ್ತಾರೆ. ತೆಗೆಯುವುದಷ್ಟೇ ಇವರ ಕೆಲಸ, ಓದುವುದು ಡಾಕ್ಟರ ಕೆಲಸ. ಆದರೆ ಕಂಡದ್ದನ್ನು ತೋರಿಸಿಬಿಡುವ ಮುಖಕ್ಕೆ ಅನುಮತಿ ಗಿನುಮತಿ ಎಲ್ಲಿ ಗೊತ್ತಾಗಬೇಕು? ಟೆಸ್ಸಾ ಆ ಮುಖವನ್ನೇ ನೋಡುತ್ತಿದ್ದಾಳೆ.

ಡಾಕ್ಟರ್ ಬಂದು ತಾಯಿ ಮಗಳ ಎದುರು ಕುರ್ಚಿ ಎಳೆದು ಕೂರುತ್ತಾರೆ. ಡೊಂಕು ಇದೆ, ನನ್ನ ಕೈಯಿಂದ ಒತ್ತಿ ನೆಟ್ಟಗೆ ಮಾಡುವಂಥದ್ದಲ್ಲ, ದೊಡ್ಡಾಸ್ಪತ್ರೆಗೆ ಈಗಲೇ ಫೋನು ಮಾಡುತ್ತೇನೆ, ಬೇಗ ಸಿಕ್ಕಿದ್ದು ಒಳ್ಳೆಯದಾಯಿತು ಎಂದು ನಿಧಾನವಾಗಿ ಹೇಳುತ್ತಾರೆ. ಜೋಲೀನ್ ತಲೆಯಾಡಿಸುತ್ತಾಳೆ, ಅರ್ಧ ಕೇಳಿಸಿಕೊಂಡಂತೆ. ಡಾಕ್ಟರ್ ಫೋನಿನ ಕಡೆ ಹೋದಮೇಲೆ ಹುಡುಗಿ ಆರ್ಡಿಸ್ ಕಡೆ ತಿರುಗುತ್ತಾಳೆ.

“ನಿಮ್ಮ ನೆಲ ಹಿಂದೊಂದ್ಸಲ ಓರೆ ಆಗಿತ್ತಂತಲ್ಲ. ಗಸ್ ಬಸ್ಸಲ್ಲಿ ಹೇಳ್ತಾನೆ. ಈಗ್ಲೂ ನದಿ ಏರಿದೆ.”

ಜೋಲೀನ್ ಕೂಡ ತಲೆಯೆತ್ತುತ್ತಾಳೆ. ಬೆಳಗ್ಗೆ ನೋಡಿದ್ದೇನೆಂದು ಹೇಳಿ ಮುಗಿಸಬಹುದಿತ್ತು. ಆರ್ಡಿಸ್ ಹಾಗೆ ಹೇಳುವುದಿಲ್ಲ. ರಸಮಟ್ಟ ತಂದು ಹುಡುಗಿಯ ಕೈಗೇ ಕೊಡುತ್ತಾರೆ. ಟೆಸ್ಸಾ ತಾನು ನಿಂತಿದ್ದ ಹಲಗೆಯ ಮೇಲೆ ಅದನ್ನಿಟ್ಟು ಮಂಡಿಯೂರುತ್ತಾಳೆ, ಪಕ್ಕದಲ್ಲಿ ಆರ್ಡಿಸ್. ಗುಳ್ಳೆ ಅತ್ತಿತ್ತ ಓಡುತ್ತದೆ. ಕೆಳಗೆ ಪಂಪು ಗುರುಗುಟ್ಟುತ್ತಲೇ ಇದೆ.

“ದಿನಾ ಬೆಳಗ್ಗೆ ನೆಟ್ಟಗಿರಪ್ಪಾ ಅಂತ ಬೇಡ್ಕೊಳ್ಳೋಳು ನಾನು,” ಎಂದು ಆಮೇಲೆ ಆರ್ಡಿಸ್ ಹೇಳುತ್ತಾರೆ. “ಇವತ್ತು ಅವಳ ಪಕ್ಕದಲ್ಲಿ ಕೂತು, ದೇವರೇ, ಗುಳ್ಳೇನ ಒಂದು ಕೂದಲೆಳೆಯಷ್ಟು ಜರುಗಿಸು, ತಪ್ಪು ನೆಲದ್ದೇ ಆಗ್ಲಿ ಅಂದೆ. ಎಲ್ಲರೂ ನನ್ನನ್ನ ಬೈದ್ರೂ ಪರವಾಗಿಲ್ಲ ಅಂದೆ.”

ಗುಳ್ಳೆ ನಡುವೆ ಬಂದು ನಿಲ್ಲುತ್ತದೆ. ಟೆಸ್ಸಾ ರಸಮಟ್ಟವನ್ನು ತಿರುಗಿಸಿ ಇಟ್ಟು ಇನ್ನೊಮ್ಮೆ ನೋಡುತ್ತಾಳೆ. ಗುಳ್ಳೆ ಮತ್ತೆ ನಡುವೆಯೇ.

“ಹಾಗಾದ್ರೆ ಅದು ನಂದೇ,” ಎನ್ನುತ್ತಾಳೆ.

“ಹೂಂ ಚಿನ್ನಾ. ನಿಂದೇ.”

ಅವಳು ಅಳುತ್ತಾಳೆ. ಆರ್ಡಿಸ್ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು ಕಾಲುಚೀಲ ಹಾಕಿಸುತ್ತಾರೆ, ಪುಟ್ಟ ಮಕ್ಕಳಿಗೆ ಹಾಕಿಸುವಂತೆ. ಹನ್ನೊಂದರ ಹುಡುಗಿ ಬೇಡವೆನ್ನುವುದಿಲ್ಲ. ಹೋಗುವಾಗ ಜೋಲೀನ್ ಬಾಗಿಲಲ್ಲಿ ನಿಂತು, ಆಸ್ಪತ್ರೆಯವರು ಮತ್ತೆ ಎಕ್ಸ್‌ರೇ ತೆಗೆಯುತ್ತಾರೇನೋ ಎಂದು ಕೇಳುತ್ತಾಳೆ. ಈ ಚಿತ್ರವನ್ನೇ ಕಳಿಸುತ್ತೇವೆ, ಅವರಿಗೆ ಇದು ಸಾಕಾಗಲಿ ಎಂದು ನನ್ನಾಸೆ ಎನ್ನುತ್ತಾರೆ ಆರ್ಡಿಸ್.

ಕಾರು ಮರಳು ಚೀಲಗಳನ್ನು ಬಳಸಿಕೊಂಡು ಹೋದಮೇಲೂ ಅವರು ಕಿಟಕಿ ಬಿಟ್ಟು ಕದಲುವುದಿಲ್ಲ. ರಸಮಟ್ಟ ಕೈಯಲ್ಲೇ ಇದೆ.

“ಪಾಪ, ಮಗು. ಈ ಬೇಸಿಗೆ ಅದಕ್ಕೆ ಕಷ್ಟ ಇದೆ,” ಎನ್ನುತ್ತಾರೆ. ಯಾರೂ ಏನೂ ಕೇಳದಿದ್ದರೂ ಮತ್ತೆ ಹೇಳುತ್ತಾರೆ: “ಆದ್ರೆ ಆ ಚಿತ್ರದಲ್ಲಿರೋದು ಅವಳ ಬೆನ್ನು. ನಮ್ಮ ನೆಲ ಅಲ್ಲ.”