ಶಿವಕಾಂತಾ ಮತ್ತು ಟಿಕಳಿ ಹಚ್ಚಿದ ಫ್ಲಾಪಿ

ಆಳಂದದಲ್ಲಿ ಬೆಳಗಿನ ಐದಕ್ಕೆ ಕರೆಂಟು ಬರುತ್ತದೆ, ಎಂಟಕ್ಕೆ ಹೋಗುತ್ತದೆ. ಅಷ್ಟರೊಳಗೆ ಊರು ನೀರು ತುಂಬಿಕೊಳ್ಳಬೇಕು, ಹಿಟ್ಟು ಬೀಸಿಸಿಕೊಳ್ಳಬೇಕು. ನಿವೃತ್ತ ಶಾಲಾ ಮಾಸ್ತರ ನಾಗಣ್ಣನವರ ಮನೆಯಲ್ಲಿ ಮಾತ್ರ ಇನ್ನೊಂದು ಕೆಲಸವೂ ನಡೆಯುತ್ತದೆ. ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರಿನ ಮೇಲಿನ ಕಸೂತಿ ಬಟ್ಟೆ ಸರಿಸಿ ಶಿವಕಾಂತಾ ಕುಳಿತಿದ್ದಾರೆ. ಬೆನ್ನ ಹಿಂದೆ ಕುರ್ಚಿಯಲ್ಲಿ ಚಾದರ ಹೊದ್ದ ಮಾಸ್ತರು. ಅವರು ಒಂದೊಂದೇ ಮಾತು ಹೇಳುತ್ತಾರೆ, ಈಕೆ ಕುಟ್ಟುತ್ತಾರೆ.

"ಚರಗಿ," ಎನ್ನುತ್ತಾರೆ ಮಾಸ್ತರು. "ನೀರು ಕುಡ್ಯಾಕ ಬಳಸೋ ಸಣ್ಣ ಪಾತ್ರಿ."

ಅಡುಗೆಮನೆಯಿಂದ ಅವರ ಹೆಂಡತಿ ಗೌರಾಬಾಯಿಯ ದನಿ ಬರುತ್ತದೆ. "ಏನ್ ಬರಸಾಕತ್ತೀರಿ? ಕುಡ್ಯಾಕ ತಂಬಗಿ. ಚರಗಿ ಬಯಲಕಡಿ ಹೋಗಾಕ. ಓದಿದ ಮಂದಿ ನಿಮ್ಮ ಮನ್ಯಾಗ ನೀರು ಕುಡೀಲಾರದಂಗ ಮಾಡಬ್ಯಾಡ್ರಿ."

ಶಿವಕಾಂತಾ ನಗುತ್ತಲೇ ಅಳಿಸಿ, ಎರಡೂ ಅರ್ಥ ಕುಟ್ಟುತ್ತಾರೆ. ಹೊಸ್ತಿಲ ಬಳಿ ಕುಳಿತ ಪಕ್ಕದ ಮನೆಯ ಪ್ಯಾರಿಬಿ, ಮೂತಿ ಇರುವ ಪಾತ್ರೆಗೆ ತಮ್ಮಲ್ಲಿ ಬದನಾ ಅನ್ನುತ್ತಾರೆ, ಅದನ್ನೂ ಹಾಕವ್ವಾ ಎನ್ನುತ್ತಾರೆ. ಅದೂ ಒಳಗೆ ಹೋಗುತ್ತದೆ. ಒಂದು ಚರಗಿಯಿಂದ ಶುರುವಾದದ್ದು ಅರ್ಧ ಗಂಟೆಯಲ್ಲಿ ಊರಿನ ಪಾತ್ರೆ ಪಗಡೆಯನ್ನೆಲ್ಲ ಪಡಸಾಲೆಗೆ ತಂದು ಹಾಕುತ್ತದೆ. ಇಂಥ ಬೆಳಗನ್ನು ನೋಡಲಿಕ್ಕಾದರೂ ಒಮ್ಮೆ ಆಳಂದಕ್ಕೆ ಬರಬೇಕು ಎಂದು ನನಗೆ ಅನಿಸುತ್ತದೆ.

ಪದಗಳ ಒಂದು ಪುಸ್ತಕಕ್ಕೆ ಇದು ಎರಡನೆಯ ಸಲದ ಬರವಣಿಗೆ. ಮಾಸ್ತರು ನೌಕರಿಯುದ್ದಕ್ಕೂ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಆಡುಮಾತುಗಳನ್ನು ಚೀಟಿಗಳಲ್ಲಿ ಬರೆದಿಡುತ್ತ ಬಂದವರು. ಹೈದರಾಬಾದಿನಲ್ಲಿರುವ ಅಳಿಯ ಹಳೆಯ ಕಂಪ್ಯೂಟರ್ ಕೊಟ್ಟ ಮೇಲೆ ಅವನ್ನೆಲ್ಲ ಅದರೊಳಗೆ ಹಾಕಿದರು. ಹಾಕಿದ ಚೀಟಿಯನ್ನು ಹಾಕಿದಂತೆ ಬಚ್ಚಲೊಲೆಗೆ ಕೊಟ್ಟರು. ಈ ವರ್ಷ ಯುಗಾದಿ ಕಳೆದು ಒಂದು ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಒಳಗೆ ಏನೂ ಇರಲಿಲ್ಲ. ಒಂದು ವೈರಸ್ಸು ಒಳಗೆ ಸೇರಿ, ತನ್ನ ತಾರೀಖು ಬರುವವರೆಗೆ ಸುಮ್ಮನೆ ಕೂತು, ಆ ದಿನ ಎಲ್ಲವನ್ನೂ ಒರೆಸಿ ಹಾಕಿತ್ತು. ಆ ವೈರಸ್ಸನ್ನು ಮನೆಗೆ ತಂದದ್ದು ಯಾರೆಂದರೆ, ವೈರಸ್ಸು ತೆಗೆಯಲು ಬರುತ್ತಿದ್ದ ಶಿವಕಾಂತಾ. ಈ ಮಾತು ನಾನು ಹೇಳುತ್ತಿರುವುದಲ್ಲ. ಭೇಟಿಯಾದ ಮೊದಲ ದಿನ, ಚಹಾ ಬರುವ ಮುಂಚೆಯೇ, ಆಕೆಯೇ ಹೇಳಿದ್ದು.

"ನೀವು ನನ್ನ ಬಗ್ಗೆ ಪೇಪರ್‌ನಾಗ ಬರೀತೀನಿ ಅಂದ್ರಿ. ಮೊದ್ಲು ಇದನ್ನ ಬರೀರಿ. ಆಮ್ಯಾಲ ಬ್ಯಾರೆ ಬರೀರಿ."

ಶಿವಕಾಂತಾ ಆಳಂದದವರೇ. ಟೈಪಿಂಗ್ ಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಮದುವೆಯಾಗಿ, ಆ ಶಾಲೆ ಬಾಗಿಲು ಹಾಕಿದ ಮೇಲೆ ದಿನಾ ಬಸ್ಸಿನಲ್ಲಿ ಕಲಬುರ್ಗಿಗೆ ಹೋಗಿ ಕಂಪ್ಯೂಟರ್ ಕಲಿತವರು. ಗಂಡ ಗುರಣ್ಣ ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದಾರೆ. "ಅವ್ರು ನೀರಿನ ಮೋಟಾರು ನೋಡ್ತಾರ, ನಾ ಇದನ್ನ ನೋಡ್ತೇನಿ. ಮನ್ಯಾಗ ಇಬ್ರೂ ಡಾಕ್ಟರ," ಎನ್ನುತ್ತಾರೆ.

ಮೂರು ತಾಲ್ಲೂಕು ಸೇರಿಸಿದರೂ ಮನೆಯಲ್ಲಿ ಕಂಪ್ಯೂಟರ್ ಇಟ್ಟವರನ್ನು ಕೈಬೆರಳ ಗೆಣ್ಣಿನಲ್ಲೇ ಎಣಿಸಬಹುದು. ಒಬ್ಬ ವಕೀಲರು, ಒಬ್ಬ ಡಾಕ್ಟರು, ಬೀಜ ಗೊಬ್ಬರದ ವ್ಯಾಪಾರಿಗಳು, ಮಕ್ಕಳ ಆಸೆಗೆ ಕೊಂಡ ಹೊಲಮನೆಯವರು. ಶಿವಕಾಂತಾ ಒಂದು ತಗಡಿನ ಡಬ್ಬಿಯಲ್ಲಿ ಫ್ಲಾಪಿಗಳನ್ನು ಇಟ್ಟುಕೊಂಡು ಸೋಮವಾರ ಅಫಜಲಪುರ, ಗುರುವಾರ ಜೇವರ್ಗಿ ಎಂದು ಬಸ್ಸು ಬದಲಿಸುತ್ತ ಹೋಗುತ್ತಾರೆ. ಕಂಡಕ್ಟರುಗಳಿಗೆ ಆಕೆ ಡಬ್ಬಿ ಅಕ್ಕ. ಡಬ್ಬಿಯಲ್ಲಿ ಉಂಡಿ ಇವೆಯೆಂದು ತಿಳಿದು ಕೈ ಚಾಚಿದವರೂ ಇದ್ದಾರೆ.

ಹೋದ ಕಡೆಯೆಲ್ಲ ಕಂಪ್ಯೂಟರಿಗೆ ಏನು ಮರ್ಯಾದೆ ಅಂತೀರಿ! ಚಪ್ಪಲಿ ಹೊರಗೆ, ಕೈಕಾಲು ತೊಳೆದು ಒಳಗೆ. ವೈರಸ್ಸು ಧೂಳಿನಿಂದ ಬರುತ್ತದೆಂದು ಹೆದರಿ ಒಬ್ಬರು ಕಿಟಕಿಗೆ ಗೋಣಿಚೀಲ ಹೊಲಿದಿದ್ದರಂತೆ. ಆದರೆ ಅದೇ ಮನೆಯ ಹುಡುಗರು ಆಟದ ಫ್ಲಾಪಿಯನ್ನು ಮನೆಯಿಂದ ಮನೆಗೆ ಮೊಸರಿನ ಹೆಪ್ಪು ತಂದ ಹಾಗೆ ತರುತ್ತಾರೆ. ಅದು ಯಾರ ಮನೆಯಲ್ಲಿ ಏನು ಹತ್ತಿಸಿಕೊಂಡು ಬಂದಿದೆ ಎಂದು ಕೇಳುವವರಿಲ್ಲ. ಕೇಳಿದರೆ, "ವೈರಸ್ಸಿನ ಔಷಧ ಅದರಾಗ ಹಾಕಿಸೇವಲ್ಲ" ಎಂಬ ಉತ್ತರ ತಯಾರಿರುತ್ತದೆ.

ಹಾಗಾದರೆ ಆ ಔಷಧ, ಅಂದರೆ ಆ್ಯಂಟಿವೈರಸ್ಸು, ಮನೆಯ ಕಂಪ್ಯೂಟರನ್ನು ಖರೆಯೇ ಕಾಯುತ್ತದೆಯೇ? ನೇರವಾಗಿ ಕೇಳಿದೆ. ಶಿವಕಾಂತಾ ಗಡಿಬಿಡಿ ಮಾಡದೆ ಯೋಚಿಸಿ ಹೇಳಿದರು:

"ಕಾಯ್ತದ, ಇಲ್ಲಂತ ಅನ್ನಂಗಿಲ್ಲ. ಇದು ಊರ ಓಣಿ ಕಾಯೋ ತಳವಾರ ಇದ್ದಂಗ. ಮುಖಾ ಗುರ್ತಿದ್ದ ಕಳ್ಳನ್ನ ಹಿಡೀತಾನ. ಹೊಸಬ ಬಂದ್ರ ರಾಮ್ ರಾಮ್ ಅಂದು ಒಳಗ ಬಿಡ್ತಾನ. ಅದಕ್ಕ ಹೊಸ ಔಷಧ ತರಬೇಕು. ನಾ ಸೊಲ್ಲಾಪುರದಿಂದ ತರ್ತೇನಿ. ಅದು ಬರೂತನಕ ಹೊಸ ರೋಗ ಆರಾಮ ತಿರಗ್ತದ. ಮಂದಿ ಏನ್ ಮಾಡ್ತಾರ, ಔಷಧ ಅದ ಅಂತ ಕಂಡ ಕಂಡ ಫ್ಲಾಪಿ ಹಾಕ್ತಾರ, ನಕಲು ಇಡಂಗಿಲ್ಲ. ತಾಯತ ಕಟ್ಟಿಕೊಂಡು ಬಾವಿಗೆ ಹಾರಿದಂಗ ಆಗ್ತದ್ರಿ."

ಮಾಸ್ತರು ಕುರ್ಚಿಯಲ್ಲೇ ಹೊರಳಿದರು. "ಹಾರಿದಾಂವ ನಾನs. ಇಕಿ ನೂರು ಸಲ ಹೇಳಿದ್ಲು, ಮಾಸ್ತರ್ರ, ಇನ್ನೊಂದು ಫ್ಲಾಪಿದಾಗ ನಕಲು ತಗದಿಡ್ರಿ ಅಂತ. ನೀ ಔಷಧ ಹಾಕೀದಿ, ಮತ್ಯಾಕ ಅಂದೆ. ಚೀಟಿನೂ ಸುಟ್ಟೆ."

ಈಗ ಫ್ಲಾಪಿಯ ಸಂಗತಿಗೆ ಬರೋಣ. ಸಣ್ಣ ಫ್ಲಾಪಿಯ ಮೂಲೆಯಲ್ಲಿ ಒಂದು ಕಿಂಡಿ ಇರುತ್ತದೆ, ಅದಕ್ಕೊಂದು ಸರಿಯುವ ಗುಂಡಿ. ಕಿಂಡಿ ತೆರೆದಿದ್ದರೆ ಕಂಪ್ಯೂಟರ್ ಆ ಫ್ಲಾಪಿಯನ್ನು ಓದಬಹುದೇ ಹೊರತು ಅದರಲ್ಲಿ ಬರೆಯಲಾಗದು. ಬರೆಯಲಾಗದಿದ್ದರೆ ವೈರಸ್ಸಿಗೂ ಅದರೊಳಗೆ ಜಾಗವಿಲ್ಲ. ಔಷಧದ ಫ್ಲಾಪಿಯ ಕಿಂಡಿಯನ್ನು ಶಿವಕಾಂತಾ ಯಾವಾಗಲೂ ತೆರೆದೇ ಇಡುತ್ತಿದ್ದರು. ರೋಗಿಯ ಮನೆಗೆ ಹೋಗುವ ಔಷಧಕ್ಕೆ ರೋಗ ಅಂಟಬಾರದಲ್ಲ.

ಹೋದ ಮಹಾನವಮಿಗೆ ಮನೆಯಲ್ಲಿ ಆಯುಧ ಪೂಜೆಯಾಯಿತು. ಗುರಣ್ಣನ ಇಕ್ಕಳ, ಸುತ್ತಿಗೆಯ ಪಕ್ಕ ಶಿವಕಾಂತಾ ಅವರ ಡಬ್ಬಿಯನ್ನೂ ಇಟ್ಟರು. ಒದ್ದೆ ಕುಂಕುಮ, ವಿಭೂತಿ ಫ್ಲಾಪಿಗೆ ಹಚ್ಚಬೇಡಿರೆಂದು ಆಕೆ ಮೊದಲೇ ಹೇಳಿದ್ದರು. ಹೇಳಿದ್ದನ್ನು ಮನೆಯವರು ಚಾಚೂ ತಪ್ಪದೆ ಪಾಲಿಸಿದರು. ಕುಂಕುಮದ ಬದಲು ಹಣೆಗೆ ಅಂಟಿಸುವ ಒಣ ಟಿಕಳಿ ಹಚ್ಚಿದರು. ಎಲ್ಲಿ ಹಚ್ಚಿದರು? ಅದಕ್ಕೇ ಹೇಳಿ ಮಾಡಿಸಿದಂತಿದ್ದ, ಔಷಧದ ಫ್ಲಾಪಿಯ ಕಿಂಡಿಯ ಮೇಲೆ.

"ಟಿಕಳಿ ನೋಡಿದ್ದೆ," ಎನ್ನುತ್ತಾರೆ ಶಿವಕಾಂತಾ. "ಪೂಜಿದು, ಇರಲಿ ಅಂದೆ. ಗುಂಡಿ ಸರಿಸಿತ್ತು. ಗುಂಡಿ ಸರಿಸಿದ್ರ ಸಾಕು ಅಂತ ತಿಳದಿದ್ದೆ. ಕಂಪ್ಯೂಟರ್ ಗುಂಡಿ ನೋಡಂಗಿಲ್ರಿ, ಬರೇ ತೂತು ನೋಡ್ತದ. ತೂತು ಮುಚ್ಚಿದ್ರ ಬರೀಬೋದು ಅಂತ ತಿಳಿತದ."

ಬನ್ನಿ ಮುಡಿದ ಮರುದಿನವೇ ಆ ಫ್ಲಾಪಿ ಜೇವರ್ಗಿಯ ಒಂದು ಮನೆಯ ಕಂಪ್ಯೂಟರಿಗೆ ಹೋಯಿತು. ಅಲ್ಲಿ ಹೊಸ ರೋಗವೊಂದು ಕೂತಿತ್ತು, ಔಷಧಕ್ಕೆ ಅದರ ಗುರುತಿರಲಿಲ್ಲ. ಟಿಕಳಿ ಬಾಗಿಲು ತೆಗೆದುಕೊಟ್ಟಿತು, ರೋಗ ಔಷಧದೊಳಗೇ ಹೋಗಿ ಕುಳಿತಿತು. ಅಲ್ಲಿಂದ ಅಫಜಲಪುರಕ್ಕೆ, ಗೊಬ್ಬೂರಿಗೆ, ಕೊನೆಗೆ ನಾಗಣ್ಣ ಮಾಸ್ತರ ಪಡಸಾಲೆಗೆ ಅದನ್ನು ಶಿವಕಾಂತಾ ತಮ್ಮ ಕೈಯಾರೆ ಕೊಂಡೊಯ್ದರು.

ಯುಗಾದಿಯ ನಂತರ ಒಂದೇ ದಿನ ಆ ಮನೆಗಳೆಲ್ಲ ಬಾಯಿ ಬಾಯಿ ಬಡಿದುಕೊಂಡವು. ಬೇರೆ ಯಾರಾದರೂ ಆಗಿದ್ದರೆ ಏನು ಮಾಡುತ್ತಿದ್ದರು? ಹುಡುಗರ ಆಟದ ಫ್ಲಾಪಿಯಿಂದ ಬಂತು ಅಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಶಿವಕಾಂತಾ ಹಾಗೆ ಮಾಡಲಿಲ್ಲ. ಕಂಪ್ಯೂಟರ್ ಅಳಿಸಿ ಹೋದ ಮನೆಗಳೆಲ್ಲ ತಾವು ಹೋದ ಮನೆಗಳೇ ಎಂಬುದು ಆಕೆಗೆ ಹೊಳೆಯಿತು. ಸೊಲ್ಲಾಪುರಕ್ಕೆ ಹೋಗಿ ಹೊಸ ಔಷಧ ತಂದು, ಮೊದಲು ತಮ್ಮ ಫ್ಲಾಪಿಯನ್ನೇ ಪರೀಕ್ಷೆಗೆ ಹಾಕಿದರು. ರೋಗ ಅದರಲ್ಲೇ ಇತ್ತು. ಟಿಕಳಿ ಇಟ್ಟು ಒಮ್ಮೆ, ಕಿತ್ತು ಒಮ್ಮೆ ಕಂಪ್ಯೂಟರಿನಲ್ಲಿ ಹಾಕಿ ನೋಡಿದ ಮೇಲೆ ಕಾರಣವೂ ತಿಳಿಯಿತು. ಮರುದಿನ ಬೆಳಿಗ್ಗೆಯೇ ಡಬ್ಬಿ ಎತ್ತಿಕೊಂಡು ಹೊರಟರು. ಒಂದು ಮನೆಯನ್ನೂ ಬಿಡದೆ ಹೋಗಿ, "ನಿಮ್ಮ ಮನಿಗೆ ಇದು ನನ್ನ ಫ್ಲಾಪಿಯಿಂದ ಬಂದದ" ಎಂದು ಹೇಳಿದರು.

ವಕೀಲರ ಬಳಿ ಎಲ್ಲದರ ಕಾಗದವಿತ್ತು, ನಕ್ಕು ಬಿಟ್ಟರು. ಡಾಕ್ಟರ ಮಗ ಆಟ ಹೋಯಿತೆಂದು ಎರಡು ದಿನ ಉಣ್ಣಲಿಲ್ಲ. ಗೊಬ್ಬೂರಿನ ದೌಲತರಾಯರು ಮಾತ್ರ, "ಇನ್ನೊಮ್ಮೆ ನಮ್ಮ ಮನಿ ಹೊಸ್ತಿಲ ದಾಟಬ್ಯಾಡವ್ವಾ" ಎಂದರು. ಇಂದಿಗೂ ಕರೆದಿಲ್ಲ. "ಅವ್ರು ಅಂದದ್ದು ತಪ್ಪಲ್ಲ," ಎನ್ನುತ್ತಾರೆ ಶಿವಕಾಂತಾ. "ನಾ ಅವರ ಜಾಗಾದಾಗ ಇದ್ರ ನಾನೂ ಹಂಗs ಅಂತಿದ್ದೆ."

ಮಾಸ್ತರ ಮನೆಗೆ ಕೊನೆಗೆ ಬಂದರು. ಬಾಗಿಲಲ್ಲೇ ನಿಂತು ಅಳುತ್ತಲೇ ಹೇಳಿದರು. ಮಾಸ್ತರು ಒಳಗೆ ಹೋಗಿ ಮಲಗಿಬಿಟ್ಟರಂತೆ. ಮರುದಿನ ಬೆಳಗಿನ ಐದಕ್ಕೆ ಕರೆಂಟಿನ ಜೊತೆ ಶಿವಕಾಂತಾ ಮತ್ತೆ ಬಂದರು. "ಚೀಟಿ ಸುಟ್ಟಿರಬೋದು ಮಾಸ್ತರ್ರ, ಬಾಯಿ ಸುಟ್ಟಿಲ್ಲಲ್ಲ. ನೀವು ಹೇಳ್ರಿ, ನಾ ಕುಟ್ತೇನಿ," ಎಂದು ಕೂತರು. ಅಂದಿನಿಂದ ಊರಲ್ಲಿದ್ದ ಯಾವ ಬೆಳಗೂ ತಪ್ಪಿಸಿಲ್ಲ. ಇದಕ್ಕೆ ಒಂದು ಪೈಸೆ ಮುಟ್ಟಿಲ್ಲ. ಕೂಡಿಸಿದ್ದನ್ನು ಪ್ರತಿದಿನ ಮೂರು ಫ್ಲಾಪಿಗೆ ನಕಲು ಮಾಡುತ್ತಾರೆ. ಒಂದು ಮಾಸ್ತರ ಕಪಾಟಿಗೆ, ಒಂದು ಗುರಣ್ಣನ ಅಂಗಡಿಗೆ, ಇನ್ನೊಂದು ಪ್ಯಾರಿಬಿಯ ಸಂದೂಕಿಗೆ.

ಈ ವಿಷಯದಲ್ಲಿ ಶಿವಕಾಂತಾ ನನಗೊಂದು ಸಂಗತಿ ಹೇಳಿರಲಿಲ್ಲ. ಪೂಜೆಯಲ್ಲಿ ಟಿಕಳಿ ಹಚ್ಚಿದ್ದು ಯಾರು ಎಂದು ಕೇಳಿದರೆ, "ಮನ್ಯಾಗ ಹಚ್ಚಿದ್ವಿ" ಎಂದಷ್ಟೇ ಅಂದಿದ್ದರು. ಅವರ ಮನೆಗೆ ಹೋದಾಗ ಅತ್ತೆ ಗಂಗಾಬಾಯಿ ಸೆರಗು ಸರಿಮಾಡಿಕೊಂಡು ನನ್ನೆದುರು ಬಂದು ಕುಳಿತರು.

"ಹಚ್ಚಿದಾಕಿ ನಾನ್ರಿ. ಬಾಯಿ ತೆರದ ತೂತು ಪೂಜಿದಾಗ ಇರಬಾರದು ಅಂತ ನಾನs ಮುಚ್ಚಿದೆ. ಇಕಿ ಹತ್ತು ಮನಿಗೆ ಹೋಗಿ ತಲಿ ತಗ್ಗಿಸಿ ನಿಂತು ಬಂದಾಳ, ನನ್ನ ಹೆಸರು ಒಂದ ಮನ್ಯಾಗೂ ಎತ್ತಿಲ್ಲ. ನನಗೂ ಹೇಳಿಲ್ಲ. ನನ್ನ ಮಗನ ಬಾಯಿಂದ ತಿಳೀತು. ಇಕಿ ಹೇಳಂಗಿಲ್ಲ, ಅದಕ್ಕ ನಾ ಹೇಳಾಕತ್ತೇನಿ. ಬರಕೋರಿ."

ಬರೆದುಕೊಂಡೆ. ನಾಡಿನಲ್ಲಿ ಎಂಥೆಂಥವರ ಬಗ್ಗೆ ಬರೆದಿದ್ದೇನೆ, ಈ ಅತ್ತೆ ಸೊಸೆಯರ ಮುಂದೆ ಕೂತಾಗ ಆದಷ್ಟು ಹೆಮ್ಮೆ ನನಗೆ ಹಿಂದೆ ಆಗಿದ್ದಿಲ್ಲ. ಶಿವಕಾಂತಾ ಮಾತ್ರ ಅತ್ತೆಯನ್ನು ಗದರಿದರು: "ಸುಮ್ನಿರ್ರಿ ಅತ್ತಿ. ಫ್ಲಾಪಿ ನಂದು. ನೋಡಿದಾಕಿ ನಾನು. ತಗೀಬೇಕಾಗಿತ್ತು, ತಗೀಲಿಲ್ಲ."

ಎರಡು ಸಾವಿರದ ಇಸವಿ ಹುಟ್ಟುವುದರೊಳಗೆ ಪುಸ್ತಕ ಅಚ್ಚಿಗೆ ಹೋಗಬೇಕೆಂದು ಮಾಸ್ತರ ಆಸೆ. ಮೊದಲ ಸಲ ಅವರೊಬ್ಬರೇ ಕೂತು ಬರೆದದ್ದು. ಈಗ ಗೌರಾಬಾಯಿ ಇದ್ದಾರೆ, ಪ್ಯಾರಿಬಿ ಇದ್ದಾರೆ, ಹಿಟ್ಟಿನ ಡಬ್ಬಿ ಇಳಿಸಿ ಒಂದು ಮಾತು ಸೇರಿಸಿ ಹೋಗುವ ಓಣಿಯ ಹೆಂಗಸರಿದ್ದಾರೆ. ಪುಸ್ತಕ ಮೊದಲಿಗಿಂತ ದಪ್ಪವಾಗುತ್ತಿದೆ.

ಆದರೆ ಎಲ್ಲವೂ ಮರಳಿ ಬಂದಿಲ್ಲ. ಮಾಸ್ತರ ಅಕ್ಕ ದ್ರೌಪದಿ ಹಳೆಯ ಬಟ್ಟೆಯ ತುಂಡುಗಳಿಂದ ಹೊದೆಯುವ ಕೌದಿ ಹೊಲಿಯುವುದರಲ್ಲಿ ನಿಪುಣೆ. ಕೌದಿಯ ಹೊಲಿಗೆಗೆ, ಮೂಲೆಗೆ, ತುಂಡು ಜೋಡಿಸುವ ರೀತಿಗೆ ಒಂದೊಂದು ಹೆಸರು ಆಕೆಯ ಬಾಯಲ್ಲಿತ್ತು. ಆಕೆ ಈಗಿಲ್ಲ. ಚೀಟಿಯಲ್ಲಿದ್ದ ಆ ಮಾತುಗಳು ಮಾಸ್ತರಿಗೆ ನೆನಪಿಗೆ ಬರುತ್ತಿಲ್ಲ, ಯೋಚಿಸಿ ಯೋಚಿಸಿ ತಲೆ ಹಿಡಿದುಕೊಂಡು ಕೂರುತ್ತಾರೆ. ಶಿವಕಾಂತಾ ಈಗ ಯಾವ ಮನೆಗೆ ಹೋದರೂ ಕಂಪ್ಯೂಟರ್ ನೋಡಿದ ಮೇಲೆ ಮನೆಯ ಹಿರಿಯ ಹೆಂಗಸರನ್ನು ಕರೆದು, ಕೌದಿ ಬಿಡಿಸಿ ಹಾಸಿ ಕೇಳುತ್ತಾರೆ. ಜೇವರ್ಗಿ ಕಡೆಯ ಇಜೇರಿಯಲ್ಲಿ ಮರೆಮ್ಮ ಎಂಬ ಅಜ್ಜಿ ಕೆಲವು ಹೆಸರು ಹೇಳಿದ್ದಾಳೆ. ಉಳಿದವು ಇನ್ನೂ ಸಿಕ್ಕಿಲ್ಲ. ಸಿಗದೆಯೂ ಹೋಗಬಹುದು, ಅದು ಆಕೆಗೆ ಗೊತ್ತಿದೆ.

ಎಂಟಕ್ಕೆ ಇನ್ನೇನು ಕರೆಂಟು ಹೋಗಬೇಕು. ಮೂರು ನಕಲು ತೆಗೆದು, ಕಸೂತಿ ಬಟ್ಟೆ ಹೊದಿಸಿ ಶಿವಕಾಂತಾ ಎದ್ದು ನಿಂತಿದ್ದಾರೆ. ಪುಸ್ತಕದಲ್ಲಿ ನಿಮ್ಮ ಹೆಸರು ಬರಬೇಕಲ್ಲವೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಹೆಸರಿನ ಆಸೆ ಇಲ್ಲ, ಬೇರೆ ಒಂದು ಆಸೆ ಇದೆಯಂತೆ. ಮಾಸ್ತರು ಅದಕ್ಕೆ ಒಪ್ಪುತ್ತಿಲ್ಲ.

"ಕೌದಿ ಮಾತು ಬರೋ ಕಡಿ ಎರಡು ಹಾಳಿ ಖಾಲಿ ಬಿಡ್ರಿ ಅಂದೇನಿ. ಮಾಸ್ತರು, ಖಾಲಿ ಹಾಳಿ ನೋಡಿ ಮಂದಿ ನಗ್ತಾರ ಅಂತಾರ. ನಗಲಿರಿ. ಅವು ಹೋದದ್ದು ನನ್ನ ಕೈಲೆ, ಮುಚ್ಚಿ ಇಡೂದು ಯಾಕ? ಯಾವ ಊರಾಗ ಯಾವ ಅವ್ವಗ ನೆನಪಾಗ್ತದೋ, ಅಕಿ ಅಲ್ಲೇ ಬರಸಲಿ. ನಂಗೊಂದು ಕಾರ್ಡು ಹಾಕಸಲಿ. ಬಸ್ ಹತ್ತಿ ಬಂದು, ಅಕಿ ಮುಂದ ಕೂತು, ಅಕಿ ಅಂದಂಗ ಕುಟ್ಟಿಕೊಂಡು ಬರ್ತೇನಿ."