ಕಾಶವ್ವನ ತಿಳಿ ಎಣ್ಣೆ

ಖಾನಾಪುರದ ಬಸ್ ನಿಲ್ದಾಣದೆದುರು ಗಾಡಿಯಿಟ್ಟು ಕಾಶವ್ವ ಮಿರ್ಚಿ ಭಜಿ ಕರಿಯತೊಡಗಿ ಇಪ್ಪತ್ತಾರು ವರ್ಷವಾಗಿತ್ತು. ತನ್ನ ಕಡಾಯಿಯ ಎಣ್ಣೆಯಲ್ಲಿ ಮುಖ ನೋಡಿಕೊಳ್ಳಬಹುದೆಂಬುದು ಅವಳ ಹೆಮ್ಮೆ. ರವಿವಾರ ಪೇಟೆಗೆ ತಾನೇ ಹೋಗಿ, ಮೂಸಿ, ಆರಿಸಿ ತಂದ ಶೇಂಗಾ ಎಣ್ಣೆ. ಎರಡು ದಿನ ಕರಿದರೆ ಮೂರನೆಯ ದಿನ ಅದು ಗಟಾರದ ಪಾಲು.

ರಸ್ತೆಯಾಚೆ ಸಮೋಸಾ ಮಾರುವ ಬಿಲ್ಕೀಸ ಬಂದದ್ದು ಮೊನ್ನೆ ಮೊನ್ನೆ, ಎಂದರೆ ಒಂಬತ್ತು ವರ್ಷದ ಹಿಂದೆ. ಅವಳ ಎಣ್ಣೆಗೆ ಕಾಶವ್ವ ಇಟ್ಟ ಹೆಸರು ‘ಡಾಂಬರು’. ಈಗ ಆ ಡಾಂಬರಿಗೇ ಮರ್ಯಾದೆ ಬಂದಿತ್ತು. ಪೀರನವಾಡಿಯ ಅಮ್ಜದ ಅಂಗಡಿಗಳಿಂದ ಕರಿದುಳಿದ ಎಣ್ಣೆಯನ್ನು ಟೆಂಪೋದಲ್ಲಿ ಒಯ್ದು ಕಾರ್ಖಾನೆಗೆ ಕಳಿಸುತ್ತಿದ್ದ. ಅಲ್ಲಿ ಅದು ವಿಮಾನದ ಇಂಧನವಾಗುತ್ತಿತ್ತು. ಎಣ್ಣೆ ಕೊಡುವ ಅಂಗಡಿಗೊಂದು ಹಸಿರು ಹಲಗೆ, ಅದರ ಮೇಲೊಂದು ಪುಟ್ಟ ವಿಮಾನ. ಬೆಳಿಗ್ಗೆ ಒಲೆ ಹೊತ್ತಿಸುವಾಗ ಕಾಶವ್ವನ ಕಣ್ಣಿಗೆ ಮೊದಲು ಚುಚ್ಚುತ್ತಿದ್ದುದು ಬಿಲ್ಕೀಸಳ ಅಂಗಡಿಯ ಆ ಹಲಗೆಯೇ.

“ನನಗ್ಯಾಕ ಇಲ್ಲೋ ಹಲಗಿ?” ಎಂದು ಒಂದು ದಿನ ಅಮ್ಜದನನ್ನು ತಡೆದು ಕೇಳಿದಳು.

“ನೀವು ಎಂದರ ಎಣ್ಣಿ ಕೊಟ್ಟೀರೇನ್ರಿ ಮಾವಶಿ? ಸೋಮವಾರ ತಪಾಸಣಿ ಮಾಡಾಕ ಮೇಡಂ ಬರ್ತಾರ. ಒಂದು ಡಬ್ಬಿ ತುಂಬಿಡ್ರಿ. ಪಾಸಾತು ಅಂದ್ರ ನಿಮಗೂ ಹಲಗಿ.”

ಮೆಣಸಿನಕಾಯಿ ಸೀಳುತ್ತಿದ್ದ ಗಂಡ ಬಸಲಿಂಗಪ್ಪ ನಕ್ಕ. “ಒಲಿ ಮ್ಯಾಲಿನ ಎಣ್ಣಿ ಇನ್ನೂ ಕಾದಿಲ್ಲ, ನೀ ಮಾತ್ರ ಹೊಗಿ ಆಡಾಕತ್ತೀದಿ ನೋಡು.”

ಸೋಮವಾರ ಮುಂಜಾನೆ ಕಡಾಯಿಯ ಹಳೆಯ ಎಣ್ಣೆಯನ್ನು ಡಬ್ಬಿಗೆ ಸುರಿಯಹೋದ ಕಾಶವ್ವನ ಕೈ ತಡೆಯಿತು. ಮನೆಗೆ ಬಂದವರ ತಾಟಿಗೆ ಎಂದೂ ಹಳಸಿದ್ದನ್ನು ಬಡಿಸಿದವಳಲ್ಲ. ದೇಶ ದೇಶದ ಜನ ಕೂರುವ ವಿಮಾನಕ್ಕೆ ಉಳಿದದ್ದನ್ನು ಕೊಡುವುದೆ? ಅದಕ್ಕಿಂತಲೂ ಮಿಗಿಲಾಗಿ, ಬಿಲ್ಕೀಸಳ ಡಬ್ಬಿಯ ಪಕ್ಕದಲ್ಲಿ ತನ್ನದು ಥಳಥಳ ಹೊಳೆಯಬೇಕಿತ್ತು. ಅವಳು ಹೊಸ ಡಬ್ಬವನ್ನೇ ಒಡೆದು ಸುರಿದಳು.

ಅಮ್ಜದ ಗಡಿಬಿಡಿಯಲ್ಲಿ ಎರಡೂ ಡಬ್ಬಿಗಳನ್ನು ಟೆಂಪೋಗೆ ಏರಿಸಿದ. ಹೆಸರಿನ ಚೀಟಿ ಕಟ್ಟುವುದನ್ನು ಮರೆತ. ತಪಾಸಣೆಗೆ ಬಂದ ಅನುರಾಧಾ ಬಿಲ್ಕೀಸಳ ಅಂಗಡಿಯ ಮುಂದೆಯೇ ಒಂದು ಡಬ್ಬಿಯಿಂದ ಶೀಶೆಗೆ ಎಣ್ಣೆ ತೆಗೆದು, ಬಿಸಿಲಿಗೆ ಹಿಡಿದು, ಹುಬ್ಬು ಗಂಟಿಕ್ಕಿದರು.

“ಇದು ಕರಿದ ಎಣ್ಣೆಯೇ ಅಲ್ಲ. ವಿಮಾನದ ಹೊಗೆ ತಗ್ಗಿಸಬೇಕೆಂದು ಹಲವು ದೇಶಗಳು ಕೂಡಿ ಒಪ್ಪಂದ ಮಾಡಿಕೊಂಡಿವೆ. ತಿನ್ನುವ ಎಣ್ಣೆಯನ್ನೇ ವಿಮಾನಕ್ಕೆ ಸುರಿದರೆ ಜನ ಏನು ತಿನ್ನಬೇಕು? ಅದಕ್ಕೇ ಉಳಿದ ಎಣ್ಣೆಯನ್ನಷ್ಟೇ ನಾವು ಲೆಕ್ಕಕ್ಕೆ ಹಿಡಿಯುವುದು. ಯಾರದಿದು?”

ಅಮ್ಜದ ತಲೆ ಕೆರೆದುಕೊಂಡ. “ಒಂದು ಬಿಲ್ಕೀಸಬಿದು, ಒಂದು ಮಾವಶಿದು. ಯಾವುದು ಯಾರದಂತ...”

“ನಂದಲ್ರಿ ಮೇಡಂ, ಅಲ್ಲಾ ಕಸಮ್!” ಎಂದಳು ಬಿಲ್ಕೀಸ.

“ಹಾಗೆಂದರೆ ನಡೆಯುವುದಿಲ್ಲಮ್ಮ. ಯಾರದೆಂದು ತಿಳಿಯದಿದ್ದರೆ ನೋಂದಣಿಯಾದ ಅಂಗಡಿಯೇ ಹೊಣೆ. ಹಲಗೆ ಇಳಿಸಬೇಕಾಗುತ್ತದೆ.”

ಕಾಶವ್ವನ ಎದೆಯಲ್ಲಿ ಬೆಲ್ಲ ಕರಗಿದಂತಾಯಿತು. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಆ ಹಸಿರು ಮುಳ್ಳು ತಾನಾಗಿ ಕಿತ್ತುಹೋಗುತ್ತದೆ. ಅಮ್ಜದ ಸ್ಟೂಲು ತಂದು ಹಲಗೆಯ ಕೆಳಗಿಟ್ಟ. ಬಿಲ್ಕೀಸ ಹಿಟ್ಟಿನ ಕೈಯಲ್ಲೇ ಸೆರಗು ಹಿಡಿದು ನಿಂತಿದ್ದಳು.

ಆಗ ಜಾಂಬೋಟಿ ಬಸ್ಸಿನ ಚಾಲಕ ಗುರುಪುತ್ರಪ್ಪ, ಹದಿನೈದು ವರ್ಷದಿಂದ ಕಾಶವ್ವನ ಭಜಿ ತಿನ್ನುತ್ತ ಬಂದವನು, ಶೀಶೆಯನ್ನು ಬಗ್ಗಿ ನೋಡಿದ.

“ಅಲಾಲಾ! ಬಿಲ್ಕೀಸಬಿ ಎಣ್ಣಿ ಇಷ್ಟು ತಿಳಿ ಐತೇನ್ರಿ? ಗೊತ್ತs ಇರಲಿಲ್ಲ. ನಾಳಿಂದ ನಾ ಇಲ್ಲೇ ತಿನ್ನಾಂವ ನೋಡ್ರಿ.”

ಬಾಜು ನಿಂತವರೂ ಹೌದೆಂದು ತಲೆಯಾಡಿಸಿದರು. ಕಾಶವ್ವನ ಮೈಯೆಲ್ಲ ಉರಿದುಹೋಯಿತು.

“ಏ ಗುರುಪುತ್ರಪ್ಪಾ, ಕಣ್ಣ ಎಲ್ಲಿ ಇಟ್ಟೀಯೋ? ಇಂಥಾ ಎಣ್ಣಿ ಆಕಿ ಕಡಾಯ್ಯಾಗ ಎಂದರ ಕಂಡೀದೇನು? ಅದು ನಂದು! ಹೊಸಾ ಡಬ್ಬಾ ಒಡದು ನಾನs ಸುರಿದೀನಿ!”

ಎಲ್ಲರೂ ಅವಳತ್ತ ತಿರುಗಿದರು. ಅಮ್ಜದ ಸ್ಟೂಲಿನಿಂದ ಇಳಿದ. ಅನುರಾಧಾ ಕಾಶವ್ವನ ಹೆಸರಿನ ಮುಂದೆ ಏನೋ ಬರೆದು, ಮೂರು ತಿಂಗಳು ನೋಂದಣಿ ಇಲ್ಲವೆಂದರು.

ಬಿಲ್ಕೀಸ ರಸ್ತೆ ದಾಟಿ ಚಹಾ ತಂದಳು. “ನನ್ನ ಹಲಗಿ ಉಳಿಸಿದ್ರಿ, ಕಾಶಕ್ಕಾ.”

“ನಿನ್ನ ಹಲಗಿ ಹಾಳಾಗಿ ಹೋಗ್ಲಿ. ನಾ ನನ್ನ ಎಣ್ಣಿ ಹೆಸರು ಉಳಿಸ್ಕೊಂಡೀನಿ,” ಎಂದಳು ಕಾಶವ್ವ. ಆದರೂ ಚಹಾ ಕುಡಿದಳು.

ಅಂದಿನಿಂದ ಅವಳ ಗಾಡಿಯ ಕೆಳಗೂ ಒಂದು ಖಾಲಿ ಡಬ್ಬಿ ಬಂತು. ಹಳೆಯ ಎಣ್ಣೆ ಗಟಾರದ ದಾರಿ ಬಿಟ್ಟು ಅದರಲ್ಲಿ ಬೀಳತೊಡಗಿತು. ಎಂದಾದರೂ ವಿಮಾನದ ಸದ್ದು ಕೇಳಿದರೆ ನಿಲ್ದಾಣದ ಜನ ತಲೆಯೆತ್ತುತ್ತಾರೆ. ಕಾಶವ್ವ ಮಾತ್ರ ಆ ಹೊತ್ತಿನಲ್ಲಿ ಕತ್ತು ಚಾಚಿ, ಬಿಲ್ಕೀಸಳ ಡಬ್ಬಿ ಎಷ್ಟು ತುಂಬಿದೆಯೆಂದು ನೋಡಿಕೊಳ್ಳುತ್ತಾಳೆ.