ಹರಿಗೋಲಿನಲ್ಲಿ ಒಬ್ಬರು ಕಮ್ಮಿ

ತಂಗಡಗಿಯ ಹೊಳೆದಂಡೆಯಲ್ಲಿ ಹರಿಗೋಲು ತುಂಬಿತ್ತು. ಮೊಸರು ಮಾರುವ ಹುಸೇನಬಿ, ಟಪಾಲಿನ ಬಸಣ್ಣ, ಇಬ್ಬರು ನೇಕಾರರು, ಜೊತೆಗೆ ಆಚೆ ದಂಡೆಯ ಶಾಲೆಗೆ ಮೊದಲ ದಿನ ಮಾಸ್ತರನಾಗಿ ಹೊರಟಿದ್ದ ನಾನು. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಗಂಟೆ ಹೊಡೆಯುವುದರೊಳಗೆ ಹಾಜರಾಗದಿದ್ದರೆ ನೌಕರಿ ಹೋದಂತೆಯೇ ಎಂದು ನಾನು ಮತ್ತೆ ಮತ್ತೆ ಆಚೆ ದಂಡೆಯತ್ತ ನೋಡುತ್ತಿದ್ದೆ. ಅಂಬಿಗ ದ್ಯಾಮಣ್ಣ ಮಾತ್ರ ಬೀಡಿ ಹಚ್ಚಿ ಕುಳಿತಿದ್ದ.

"ಯಾಕ ಬಿಡವಲ್ಲಿ, ದ್ಯಾಮಣ್ಣ?" ಎಂದು ಕೇಳಿದೆ.

"ದಿನಾ ದಾಟವ್ರು ಇನ್ನೊಬ್ರು ಬರಬೇಕ್ರಿ. ಅವರನ್ನ ಬಿಟ್ಟು ಹೋಗೂ ಪದ್ಧತಿ ನಮ್ಮಲ್ಲಿಲ್ಲ."

ಅಷ್ಟರಲ್ಲಿ ಧೋತರದ ಚುಂಗು ಹಿಡಿದು ಹಿರಿಯರೊಬ್ಬರು ಓಡುತ್ತ ಬಂದರು. "ಏನ್ರೀ ಯಜಮಾನ್ರ, ನಿಮ್ಮಿಂದ ನನ್ನ ನೌಕರಿ ಹೋಗತೈತಿ!" ಎಂದು ಹೊಳೆ ದಾಟುವವರೆಗೂ ಬೈದೆ. ಅವರು ಮುಗುಳ್ನಗುತ್ತ ಕೇಳಿಸಿಕೊಂಡರು. ಹುಸೇನಬಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಶಾಲೆ ಮುಟ್ಟಿದಾಗ ಆ ಹಿರಿಯರೇ ಕಿಸೆಯಿಂದ ಕೀಲಿಕೈ ತೆಗೆದು ಬಾಗಿಲು ತೆರೆದರು. "ಬರ್ರಿ ಮಾಸ್ತರ. ಇಲ್ಲಿ ಹೆಡ್‌ಮಾಸ್ತರೂ ನಾನ, ಗಂಟಿ ಹೊಡಿಯಾಂವನೂ ನಾನ. ನಿಮಗ ಹೆಂಗ ತಡಾ ಆಗತೈತಿ?"

ಮುಂದಿನ ವಾರ ನನಗೆ ಜ್ವರ ಬಂದು ಹೊಳೆಗೆ ಹೋಗಲಾಗಲಿಲ್ಲ. ಬಿಸಿಲೇರುವವರೆಗೆ ಕಾದು, ಕೊನೆಗೆ ಹರಿಗೋಲಿನವರೆಲ್ಲ ನನ್ನ ಮನೆ ಬಾಗಿಲಿಗೇ ಬಂದರು, ಹೆಡ್‌ಮಾಸ್ತರರು ಎಲ್ಲರಿಗಿಂತ ಮುಂದೆ.